ನಿಮ್ಮನ್ನು ಅತಿಥಿಯೆಂದು ತಿಳಿದು ದಡ್ಡರಾದ ಮಕ್ಕಳು

ನಮ್ಮ ಶಾಲೆಯ ಕಲಿಕೆಯ ಮಟ್ಟವನ್ನು ನಲವತ್ತು ನಿಮಿಷದಲ್ಲಿ ಅಳೆದು ಹೋದ ಮಾನ್ಯ ಪರಿಶೀಲನಾಧಿಕಾರಿಗಳೇ,

ನಮ್ಮ ಮಕ್ಕಳಿಗೆ ಓದಲು ಬರುತ್ತದೆ. ಈ ಒಂದು ಸಾಲನ್ನು ನೀವು ನಂಬುವುದಾದರೆ ಮುಂದಿನದ್ದನ್ನು ಓದುವ ಶ್ರಮ ನಿಮಗೆ ಬೇಡ. ಆದರೆ ನೀವು ನಂಬುವುದಿಲ್ಲ. ಯಾಕೆಂದರೆ ನೀವು ಖುದ್ದಾಗಿ ಬಂದು, ಖುದ್ದಾಗಿ ಕೇಳಿ, "ಇಪ್ಪತ್ಮೂರು ಮಕ್ಕಳ ಪೈಕಿ ಒಬ್ಬರಿಗೂ ಅಕ್ಷರಜ್ಞಾನ ಇರುವುದು ಕಂಡುಬಂದಿಲ್ಲ" ಎಂದು ವರದಿ ಬರೆದಿದ್ದೀರಿ. ಆ ವರದಿಯ ಬಲದಿಂದ ಬರುವ ಜೂನ್ ತಿಂಗಳಿಗೆ ನಮ್ಮ ಶಾಲೆಗೆ ಬೀಗ ಹಾಕಿ, ಮಕ್ಕಳನ್ನು ಐದು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ವಿಲೀನಗೊಳಿಸುವ ಪ್ರಸ್ತಾವನೆ ಸಿದ್ಧವಾಗಿದೆ. ಇದರ ವಿರುದ್ಧ ನಾನು ಮೂರು ಮನವಿ ಕೊಟ್ಟೆ. ಮೂರರ ಮೇಲೂ "ಸ್ವೀಕರಿಸಲಾಗಿದೆ" ಎಂಬ ನೀಲಿ ಮುದ್ರೆ ಬಿತ್ತು, ಬೇರೇನೂ ಬೀಳಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಸುವರ್ಣಾ. ಅಫಜಲಪುರ ತಾಲೂಕಿನಲ್ಲಿ, ಗೊಬ್ಬೂರಿನಿಂದ ಒಳಗೆ ಹೊರಳಿದರೆ ಸಿಗುವ ನಮ್ಮೂರ ಸರಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ. ಹೊಟ್ಟೆಪಾಡಿಗೆ ಮನೆಯಲ್ಲಿ ಹೊಲಿಗೆ ಮಷಿನ್ ಇದೆ. ತವರು ಆಳಂದ, ಅಲ್ಲಿಯೇ ಪಿಯುಸಿ ಪಾಸಾದವಳು. ಮಗಳು ರಾಧಿಕಾ ಇದೇ ಶಾಲೆಯಲ್ಲಿ ನಾಲ್ಕನೆಯ ತರಗತಿ. ಈ ಪತ್ರದಲ್ಲಿ "ಪ್ರಸ್ತಾವನೆ", "ವಿಲೀನ", "ಕಂಡುಬಂದಿಲ್ಲ" ಮುಂತಾದ ಭಾರದ ಶಬ್ದಗಳು ಬಂದರೆ ಹೆದರಬೇಡಿ, ಅವೆಲ್ಲ ನಿಮ್ಮ ಆದೇಶದಿಂದಲೇ ಎತ್ತಿಕೊಂಡವು. ನನ್ನವು ಸಣ್ಣ ಶಬ್ದಗಳು, ಸ್ವಲ್ಪ ಖಾರ ಹೆಚ್ಚು ಅಷ್ಟೇ.

ಮೊದಲು ಒಂದು ತಪ್ಪೊಪ್ಪಿಗೆ. ನೀವು ಕಂಡದ್ದು ಸುಳ್ಳಲ್ಲ. ನೀವು ಕೇಳಿದಾಗ ಮಕ್ಕಳು ಬಾಯಿ ಬಿಡದೆ ನಿಂತದ್ದು ನಿಜ. ಹಾಗೆ ನಿಲ್ಲುವುದನ್ನು ಅವರಿಗೆ ಕಲಿಸಿದವಳು ನಾನೇ. ಯಾಕೆ ಕಲಿಸಿದೆ ಎಂದು ಹೇಳಬೇಕಾದರೆ ಎರಡೂವರೆ ವರ್ಷ ಹಿಂದಕ್ಕೆ ಹೋಗಬೇಕು, ಮತ್ತು ನಿಮ್ಮದೇ ಕಚೇರಿಯ ಒಂದು ಅನುಮತಿ ಪತ್ರದಿಂದ ಸುರುಮಾಡಬೇಕು.

ಆ ಪತ್ರದ ಪ್ರಕಾರ ವಿದೇಶಿ ಸ್ವಯಂಸೇವಕರು ತಂಡ ತಂಡವಾಗಿ ನಮ್ಮ ಶಾಲೆಗೆ ಬಂದು ತಲಾ ಎರಡು ವಾರ "ಶೈಕ್ಷಣಿಕ ಸೇವೆ" ಸಲ್ಲಿಸಬಹುದಿತ್ತು. ಅವರ ದೇಶದಲ್ಲಿ ಇದಕ್ಕೊಂದು ದೊಡ್ಡ ಕಂಪನಿ ಇದೆಯಂತೆ. ಅರ್ಧ ಸೇವೆ, ಅರ್ಧ ಪ್ರವಾಸ. ವಾರದ ಐದು ದಿನ ನಮ್ಮ ಮಕ್ಕಳ ಉದ್ಧಾರ, ಶನಿವಾರ ರವಿವಾರ ಕಲಬುರಗಿ ಕೋಟೆ, ಗಾಣಗಾಪುರದ ಗುಡಿ, ವಿಜಯಪುರದ ಗೋಲಗುಮ್ಮಟ. ಕರೆತರುವವನು ಕಲ್ಯಾಣಕುಮಾರ ಎಂಬ ಹುಡುಗ. ಗಾಣಗಾಪುರದ ಲಾಡ್ಜಿನಲ್ಲಿ ಅವರನ್ನು ಇಳಿಸಿ, ದಿನಾ ಬಿಳಿ ಗಾಡಿಯಲ್ಲಿ ತಂದು ಬಿಟ್ಟು, ಅವರ ಇಂಗ್ಲಿಷನ್ನು ನಮಗೆ, ನಮ್ಮ ಕನ್ನಡವನ್ನು ಅವರಿಗೆ ಮುಟ್ಟಿಸುವುದು ಅವನ ಕೆಲಸ. ಶಾಲೆಗೆ ಏನು ಬೇಕು ಎಂದು ಅನುಮತಿ ಕೊಡುವ ಮೊದಲು ನಿಮ್ಮ ಕಚೇರಿ ನಮ್ಮನ್ನು ಕೇಳಿತ್ತೇ? ಬಿಡಿ, ಮದುವೆಗೆ ಮೊದಲು ನನ್ನನ್ನೂ ಯಾರೂ ಕೇಳಿರಲಿಲ್ಲ.

ಮೊದಲ ತಂಡದಲ್ಲಿ ಮಾರಿಟ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಳು. ಬಿಸಿಲಿಗೆ ಮೂಗು ಕೆಂಪಾಗಿ ಸಿಪ್ಪೆ ಸುಲಿಯುತ್ತಿತ್ತು, ಆದರೂ ನಗು ಮಾತ್ರ ಬಿಟ್ಟಿರಲಿಲ್ಲ. ಎರಡು ವಾರಕ್ಕೆ ಸಾಲುವಷ್ಟು ಚಿತ್ರದ ಕಾರ್ಡುಗಳನ್ನು ಕೈಯಿಂದಲೇ ಮಾಡಿ ತಂದಿದ್ದಳು. ಮೊದಲ ದಿನ ಕರಿಹಲಗೆಯ ಮೇಲೆ "ಎ" ಬರೆದು ಸೇಬಿನ ಕಾರ್ಡು ಎತ್ತಿ ಹಿಡಿದಳು. ಆಗ ಎರಡನೆಯ ತರಗತಿಯಲ್ಲಿದ್ದ ನನ್ನ ಮಗಳು ಎದ್ದು ನಿಂತು, ಎ ಇಂದ ಝಡ್ ತನಕ ಒಂದೇ ಉಸಿರಿಗೆ ಒದರಿ, ಶಬಾಷ್ ಅನ್ನುವುದರೊಳಗೆ ಝಡ್‌ನಿಂದ ಎ ತನಕ ತಿರುಗಿ ಬಂದಳು. ಅವಳ ಹಿಂದೆ ಉಳಿದವರೂ ಸುರುಮಾಡಿದರು. ಎರಡು ವಾರದ ಕಾರ್ಡು ಹತ್ತು ನಿಮಿಷದಲ್ಲಿ ಮುಗಿದುಹೋದವು.

ಸ್ವಲ್ಪ ಹೊತ್ತಿಗೆ ವಜೀರುನ್ನಿಸಾ ನಮ್ಮ ಮನೆಗೆ ಓಡಿಬಂದಳು. ಆಕೆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ನನಗೆ ಅಕ್ಕ ಇದ್ದ ಹಾಗೆ.

"ಸುವರ್ಣಾ, ಜಲ್ದಿ ಬಾ ಬೇ. ಆ ಮೆಹಮಾನ ಹುಡುಗಿ ಬೇವಿನ ಗಿಡದ ಬುಡಕ ಕುಂತು ಅಳಾಕತ್ತಾಳ. ಉಪ್ಪಿಟ್ಟು ಖಾರ ಆತೇನವ್ವಾ ಅಂತ ಕೇಳಿದ್ರ ಅಲ್ಲ ಅಂತಾಳ. ಚಾ ಕೊಟ್ರೂ ಸುಮ್ಮಾಗವಲ್ಲಳು."

ಹೋಗಿ ನೋಡಿದರೆ ಹೌದು, ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಕಲ್ಯಾಣಕುಮಾರ ಪಕ್ಕದಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. "ಅಕ್ಕಾರ, ಆಕಿ ಏನಂತಾಳಂದ್ರ, ಇಲ್ಲಿ ಯಾರಿಗೂ ನನ್ನ ಜರೂರತ್ತೇ ಇಲ್ಲ ಅಂತಾಳ್ರಿ. ಪಾಪ, ಎರಡು ವಿಮಾನ ಬದಲಿ ಮಾಡಿ ಬಂದಾಳ್ರಿ."

ಹೇಳಿ ಮಾನ್ಯರೇ, ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ನಮ್ಮ ಕಡೆ ಒಂದು ರೀತಿ ಇದೆ. ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೋಗಿದ್ದರೂ, ಹೋದವರ ಮನೆಯಲ್ಲಿ ತಾಟು ಇಟ್ಟರೆ ಮತ್ತೆ ಕೂತು ಉಣ್ಣುತ್ತೇವೆ. "ಉಂಡೇನ್ರಿ" ಎಂದರೆ ಅವರ ಮುಖ ಸಣ್ಣದಾಗುತ್ತದಲ್ಲ, ಅದನ್ನು ನೋಡಲಾಗುವುದಿಲ್ಲ. ನಾನು ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಕೂಡಿಸಿ ಅದನ್ನೇ ಹೇಳಿದೆ. "ಉಂಡು ಹೋಗಿದ್ರೂ ಮಂದಿ ಮನ್ಯಾಗ ಮತ್ತ ಉಣ್ತೀರಿಲ್ಲ? ಇದೂ ಹಂಗ. ಬರ್ತಿದ್ರೂ ಬರಂಗಿಲ್ಲ ಅನ್ರಿ. ಆಕಿ ಕಲಸ್ಲಿ, ನೀವು ಕಲೀರಿ."

ರಾಧಿಕಾ ಕೈ ಎತ್ತಿದಳು. "ಅವ್ವಾ, ಅದು ಸುಳ್ಳು ಆಗಂಗಿಲ್ಲೇನು?"

"ಸುಳ್ಳಲ್ಲ ಬೇ, ಅದು ಮರ್ಯಾದಿ," ಎಂದೆ. ಎಷ್ಟು ಜಾಣಮಾತು ಆಡಿದೆನೆಂದು ಆ ದಿನವೆಲ್ಲ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಹೆಡ್‌ಮಾಸ್ತರ್ ಸಿದ್ದರಾಮೇಶ ಗುರುಗಳೊಬ್ಬರೇ ಒಪ್ಪಲಿಲ್ಲ. "ಅಧ್ಯಕ್ಷರ, ಇದು ಸರಿ ಕಾಣವಲ್ದರಿ. ಬರ್ತದನ್ನೋದನ್ನ ಮುಚ್ಚಿಡೋದು ರೂಢಿ ಆದ್ರ ಬಿಡಸೋದು ಕಷ್ಟ್ರಿ" ಎಂದರು. ಎರಡು ವಾರದ ಮಾತು ಸುಮ್ಮನಿರ್ರಿ ಎಂದು ಅವರ ಬಾಯಿ ಮುಚ್ಚಿಸಿದೆ. ಈಗ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಮಾರಿಟ್ ಕಣ್ಣೊರೆಸಿಕೊಂಡು ಮತ್ತೆ "ಎ" ಇಂದ ಸುರುಮಾಡಿದಳು. ನಮ್ಮ ಮಕ್ಕಳು ಎಷ್ಟು ಚೆನ್ನಾಗಿ ಕಲಿತರೆಂದರೆ ಕೇಳಬೇಡಿ. ಮೊದಲ ದಿನ ಮೌನ. ಮೂರನೆಯ ದಿನಕ್ಕೆ "ಡಿ" ತನಕ ಎಡವುತ್ತ ಬಂದರು. ಎಂಟನೆಯ ದಿನ ಅರ್ಧ ದಾಟಿದರು. ಬೀಳ್ಕೊಡುಗೆಯ ದಿನ ಝಡ್ ಮುಟ್ಟಿದಾಗ ಆ ಹುಡುಗಿ ಮತ್ತೆ ಅತ್ತಳು, ಈ ಸಲ ಖುಷಿಗೆ. ಎಲ್ಲರಿಗೂ ಸಮಾಧಾನವಾಯಿತು, ವಜೀರುನ್ನಿಸಾ ಶಿರಾ ಮಾಡಿದಳು.

ಮುಂದೆ ಆರು ತಂಡ ಬಂದವು, ಆರೂ "ಎ" ಇಂದಲೇ ಬಂದವು. ಬಂದ ಯಾವ ತಂಡಕ್ಕೂ ಹಿಂದಿನ ತಂಡ ಏನು ಕಲಿಸಿತ್ತೆಂಬುದು ಗೊತ್ತಿರುತ್ತಿರಲಿಲ್ಲ. ತಲೆ, ಭುಜ, ಮೊಣಕಾಲು ಮುಟ್ಟಿಕೊಳ್ಳುವ ಹಾಡನ್ನು ನಮ್ಮ ಮಕ್ಕಳು ಏಳು ಸಲ ಹೊಸದಾಗಿ ಕಲಿತಿದ್ದಾರೆ. ರಾಧಿಕಾ ಈ ನಾಟಕದ ಮೇಷ್ಟ್ರು. ಅವಳು ಜಡೆಯ ರಿಬ್ಬನ್ ಹಿಡಿದು ತಿರುವಿದರೆ ಯಾರಿಗೂ ಏನೂ ಬರುವುದಿಲ್ಲ, ಬಿಟ್ಟರೆ ಸ್ವಲ್ಪ ಸ್ವಲ್ಪ ಬರುತ್ತದೆ. "ಈ ಸಲದ ಮ್ಯಾಡಮ್ ಜಲ್ದಿ ಖುಷಿ ಆಗ್ತಾಳವ್ವಾ, ಬಾಳ ಕಷ್ಟ ಇಲ್ಲ" ಎಂದು ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು. ನಿಮ್ಮ ಇಲಾಖೆಯಲ್ಲಿ ಇಷ್ಟು ಶಿಸ್ತಿನ ವರದಿಗಾರರು ಎಷ್ಟು ಜನ ಇದ್ದಾರೆ?

ನಾವು ದೊಡ್ಡವರೂ ನಾಟಕ ಕಲಿತೆವು. ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿಯ ಮೇಲೆ ಕಲ್ಯಾಣಕುಮಾರ ಚಾದರ ಹೊದಿಸುತ್ತಿದ್ದ. "ಸ್ವಲ್ಪ ಸಾದಾ ಇರ್ಲಿ ಬಿಡ್ರಿ ಅಕ್ಕಾರ, ಫೋಟೋ ಚಲೋ ಬರ್ತಾವ" ಎಂದು ಹೇಳಿ, ನಾನೇ ಅಳತೆ ತೆಗೆದು ಹೊಲಿದ ಹೊಸ ಯೂನಿಫಾರ್ಮ್‌ಗಳನ್ನು ಪೆಟ್ಟಿಗೆಗೆ ಸೇರಿಸಿದ. ಅವತ್ತು ನನಗೆ ನಿಜವಾಗಿಯೂ ಸಿಟ್ಟು ಬಂತು, ಯಾಕೆಂದರೆ ಕಾಲರಿನ ಕೆಲಸ ಬಹಳ ಚಂದ ಕೂತಿತ್ತು. ಮೂರನೆಯ ತಂಡದವರು ಗೋಡೆಗೆ ಬಣ್ಣ ಹಚ್ಚುತ್ತೇವೆ ಎಂದರು. ಅವರು ಅತಿಥಿಗಳಲ್ಲವೇ, ಹೂಂ ಅಂದೆವು. ಸಿದ್ದರಾಮೇಶ ಗುರುಗಳು ಎರಡು ಬೇಸಿಗೆ ರಜೆಯಲ್ಲಿ ಕೂತು ಬರೆದಿದ್ದ ಇಪ್ಪತ್ತರ ತನಕದ ಮಗ್ಗಿಯ ಗೋಡೆ ಬಿಳಿಯಾಗಿ, ಅದರ ಮೇಲೊಂದು ದೊಡ್ಡ ಚಿಟ್ಟೆ ಕೂತಿತು. ಐದನೆಯ ತಂಡ ಬರುವ ಮುಂಚೆ ಚಿಟ್ಟೆಯೂ ಹೋಗಿ ಸೂರ್ಯಕಾಂತಿ ಬಂತು. ಗುರುಗಳು ಮಗ್ಗಿಯನ್ನು ಒಂದು ದೊಡ್ಡ ಹಾಳೆಯಲ್ಲಿ ಮತ್ತೆ ಬರೆಯತೊಡಗಿದರು.

ಇಷ್ಟು ಓದಿ, ಈ ಹೆಣ್ಣುಮಗಳು ಹೊರಗಿನವರನ್ನು ಕಂಡರೆ ಉರಿದು ಬೀಳುತ್ತಾಳೆ ಅಂದುಕೊಳ್ಳಬೇಡಿ. ಒಳ್ಳೆಯದೂ ಆಗಿದೆ, ಮುಚ್ಚಿಡುವುದಿಲ್ಲ. ಮಾರಿಟ್ ವಜೀರುನ್ನಿಸಾಳ ಹತ್ತಿರ ಕೂತು ಜೋಳದ ರೊಟ್ಟಿ ಬಡಿಯುವುದನ್ನು ಕಲಿತಳು. ಊರಿಗೆ ಹೋದ ಮೇಲೆ ಬರೆದ ಪತ್ರದಲ್ಲಿ, "ಈಗ ಶಿಕ್ಷಕಿಯಾಗಲು ಓದುತ್ತಿದ್ದೇನೆ, ಕಲಿಸುವುದು ಕಾರ್ಡು ತೋರಿಸಿದಷ್ಟು ಸುಲಭವಲ್ಲ ಎಂದು ನಿಮ್ಮಲ್ಲಿ ತಿಳಿಯಿತು" ಎಂದಿದ್ದಾಳೆ. ಆ ಪತ್ರ ನಮ್ಮ ಮನೆಯ ದೇವರ ಜಗಲಿಯ ಮೇಲಿದೆ. ಅಂದರೆ ಕಲಿತದ್ದು ಆಕೆ, ಕಲಿಸಿದ್ದು ನಾವು. ಹಾಗೆಂದು ಮೊದಲೇ ಹೇಳಿ ಕಳಿಸಿದ್ದರೆ ಯಾರೂ ನಾಟಕ ಆಡುವ ಪ್ರಮೇಯವೇ ಇರುತ್ತಿರಲಿಲ್ಲ.

ಇನ್ನು ಐದನೆಯ ತಂಡದ ಮುದುಕರೊಬ್ಬರ ವಿಷಯ. ತಮ್ಮ ದೇಶದಲ್ಲಿ ನಲವತ್ತು ವರ್ಷ ಪೈಪ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮಕ್ಕಳು ಅವರನ್ನು ಕಾಕಾ ಎಂದು ಕರೆದರು. ಬಂದ ದಿನವೇ ಕಲ್ಯಾಣಕುಮಾರನ ಮೂಲಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಏನು ಕೆಟ್ಟಿದೆ?" ನಾನು ಗಾಬರಿಯಾದೆ. ಅನುಮತಿ ಕೊಟ್ಟ ನೀವಾಗಲಿ, ಬಂದವರಾಗಲಿ ಯಾರೂ ಇದನ್ನು ಕೇಳಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೂರು ವರ್ಷದಿಂದ ನೀರಿಲ್ಲ ಎಂದೆ. ಅವರು "ನಿಮ್ಮೂರ ಕಡೆ ಈ ಕೆಲಸ ಗೊತ್ತಿದ್ದವರನ್ನು ಕರೆಸಿ, ನಾನು ಅವರ ಕೈಕೆಳಗೆ ದುಡಿಯುತ್ತೇನೆ" ಎಂದರು. ಜೇವರ್ಗಿಯಿಂದ ಕರೀಮಸಾಬರು ಬಂದರು. ಒಂದು ವಾರ ಆ ಬಿಳಿ ಮುದುಕರು ಪೈಪ್ ಹಿಡಿದು ನಿಂತರು, ಕರೀಮಸಾಬರು ಆರ್ಡರ್ ಮಾಡಿದರು. "ಏ ಸಾಹೇಬ್ರ, ಗಟ್ಟ್ಯಾಗಿ ಹಿಡೀರಿ! ಅಲ್ಲಲ್ರಿ, ಇತ್ಲಾಗ! ಇಷ್ಟು ವಯಸ್ಸಾದ್ರೂ ಪೈಪ್ ಹಿಡಿಯಾಕ ಬರಂಗಿಲ್ಲೇನ್ರಿ?" ಪಾಪ, ಅವರು ನಗುತ್ತ ಹಿಡಿದರು. ಆ ನಳದಲ್ಲಿ ಇವತ್ತಿಗೂ ನೀರು ಬರುತ್ತದೆ, ಒಂದು ದಿನವೂ ನಿಂತಿಲ್ಲ.

ಪೈಪಿಗೆ ಹಚ್ಚುವ ಅಂಟಿನ ಡಬ್ಬಿಯ ಮೇಲೆ ಕನ್ನಡದಲ್ಲಿ ಏನು ಬರೆದಿದೆ ಎಂದು ಕಾಕಾ ನನ್ನ ಮಗಳನ್ನು ಕೇಳಿದರಂತೆ. ಅವಳು ಓದಿದಳು, ಅಲುಗಾಡಿಸದೆ ಎಷ್ಟು ಹೊತ್ತು ಬಿಡಬೇಕು ಎನ್ನುವುದನ್ನು ಬೆರಳು ಎಣಿಸಿ ತೋರಿಸಿದಳು. ಸಂಜೆ ಓಡುತ್ತ ಮನೆಗೆ ಬಂದಳು. "ಅವ್ವಾ, ಕಾಕಾಗ ಕನ್ನಡ ಬರಂಗಿಲ್ಲ! ಖರೇನ ಬರಂಗಿಲ್ಲ, ನಾಟಕ ಅಲ್ಲ!" ಎಂದಳು. ತನಗೆ ಬರುವುದು ಇನ್ನೊಬ್ಬರಿಗೆ ಬೇಕಾಯಿತಲ್ಲ, ಆ ಸಂತೋಷಕ್ಕೆ ಅವಳಿಗೆ ಕುಣಿಯುವುದೊಂದು ಬಾಕಿ.

ಈಗ ನಿಮ್ಮ ಭೇಟಿಗೆ ಬರುತ್ತೇನೆ. ಆ ವಾರ ಹೊಸ ತಂಡದ ಮುಖಂಡರು ಶಾಲೆ ನೋಡಲು ಬರುತ್ತಾರೆ ಎಂದು ಕಲ್ಯಾಣಕುಮಾರ ಫೋನ್ ಮಾಡಿದ್ದ. ಗುರುವಾರ ಬಿಳಿ ಗಾಡಿ ಬಂತು. ಇಳಿದವರು ನೀವು. ತಲೆಗೆ ಟೋಪಿ, ಕಣ್ಣಿಗೆ ಕರಿ ಕನ್ನಡಕ, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಚಾಕಲೇಟಿನ ಚೀಲ. "ಹಲೋ ಚಿಲ್ಡ್ರನ್!" ಎಂದಿರಿ. ಆಮೇಲೆ ಆಡಿದ ಕನ್ನಡವೂ ಬೆಂಗಳೂರು ಕಡೆಯದು, ಹಿಂದಿನ ಎರಡು ತಂಡಗಳ ಜೊತೆ ಬಂದ ಬೆಂಗಳೂರಿನ ಸ್ವಯಂಸೇವಕರ ಹಾಗೆಯೇ. ಹೆಡ್‌ಮಾಸ್ತರನ್ನು ನಿಮ್ಮದೇ ಇಲಾಖೆ ತರಬೇತಿಗೆ ಕರೆಸಿಕೊಂಡಿತ್ತು. ಶಾಲೆಯಲ್ಲಿ ಉಳಿದಿದ್ದ ಒಬ್ಬರೇ ಅತಿಥಿ ಶಿಕ್ಷಕಿಯಂತೂ, ಇನ್ನೊಬ್ಬ ಸೇವೆಯವರು ಬಂದರು ಎಂದುಕೊಂಡು ಮಕ್ಕಳನ್ನು ನಿಮಗೆ ಒಪ್ಪಿಸಿ, ಬಾಕಿ ಇದ್ದ ಹಾಜರಿ ಪುಸ್ತಕ ಬರೆಯಲು ಕೂತರು. ನಾನು ಅಡುಗೆ ಕೋಣೆಯಲ್ಲಿ ವಜೀರುನ್ನಿಸಾಳ ಜೊತೆ ಅಕ್ಕಿ ಆರಿಸುತ್ತಿದ್ದೆ. ನಾವು ಕಂಡ ಅಧಿಕಾರಿಗಳು ಚಪರಾಸಿಯ ಜೊತೆ ಬರುತ್ತಾರೆ, ಮೊದಲು ಖುರ್ಚಿ ಕೇಳುತ್ತಾರೆ, ಆಮೇಲೆ ಚಹಾ, ಆಮೇಲೆ ರಿಜಿಸ್ಟರು. ನೀವು ಇದ್ಯಾವುದನ್ನೂ ಕೇಳಲಿಲ್ಲ. ಇಷ್ಟು ಸರಳ ಅಧಿಕಾರಿಗಳೂ ಇರುತ್ತಾರೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ನೀವು ಚೀಲದಿಂದ ಕಾರ್ಡು ತೆಗೆದಿರಿ. ಅದನ್ನು ಕಂಡದ್ದೇ ತಡ, ನನ್ನ ಮಗಳ ಕೈ ರಿಬ್ಬನ್ನಿಗೆ ಹೋಯಿತು. ವಜೀರುನ್ನಿಸಾಳ ಮೊಮ್ಮಗಳು ಖಮರ, ಮೂರನೆಯ ತರಗತಿಯವಳು, ಮೈಮರೆತು ಒಂದು ಶಬ್ದ ಅರ್ಧ ಓದಿಯೇಬಿಟ್ಟಿದ್ದಳು, ರಾಧಿಕಾ ಚಿವುಟಿ ಸುಮ್ಮನಾಗಿಸಿದಳು. ನೀವು ಹೂವಿನ ಚಿತ್ರದ ಕೆಳಗೆ "ಕಮಲ" ಎಂದು ಬರೆದ ಕಾರ್ಡನ್ನು ರಾಧಿಕಾಗೇ ಹಿಡಿದಿರಿ. ಅವಳು ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿ, "ಇದು ಹೂವೇನ್ರಿ ಸರ್?" ಎಂದಳು. "ಮಕ್ಕಳು ಚಿತ್ರಗಳನ್ನು ಮಾತ್ರ ಗುರುತಿಸುತ್ತಾರೆ" ಎಂದು ನಿಮ್ಮ ವರದಿಯ ಎರಡನೆಯ ಪುಟದಲ್ಲಿದೆ.

ಅಡುಗೆ ಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತ ನಾನು ಹೆಮ್ಮೆಪಡುತ್ತಿದ್ದೆ, ದೇವರಾಣೆ. "ಎಷ್ಟು ಚಂದ ದಡ್ಡ ಆಗ್ಯಾವ ನೋಡು ಕೂಸುಗಳು" ಎಂದು ವಜೀರುನ್ನಿಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನೀವು ಮೂರು ದಿನ ಬಂದಿದ್ದರೆ ಅವರು "ಡಿ" ತನಕ ಬರುತ್ತಿದ್ದರು. ಎರಡು ವಾರ ಇದ್ದಿದ್ದರೆ ಬೀಳ್ಕೊಡುಗೆಯ ದಿನ ನಿಮ್ಮ ಕೈಯಲ್ಲಿನ ದಿನಪತ್ರಿಕೆಯನ್ನು ಓದಿ ತೋರಿಸಿ ನಿಮ್ಮನ್ನೂ ಅಳಿಸುತ್ತಿದ್ದರು. ನೀವು ನಲವತ್ತು ನಿಮಿಷಕ್ಕೆ ಎದ್ದು ಹೋದಿರಿ.

ಆದೇಶದ ಪ್ರತಿ ನಮ್ಮ ಮನೆಗೆ ಬಂದಾಗ ನನ್ನ ಕಾಲು ಮಷಿನ್ ಮೇಲಿತ್ತು. ಓದು ಬೇ ಎಂದು ರಾಧಿಕಾಗೆ ಕೊಟ್ಟೆ. ಅವಳು ಜೋರಾಗಿ, ಒಂದೂ ಒತ್ತು ಬಿಡದೆ ಓದಿದಳು. "ಅಕ್ಷರಜ್ಞಾನ ಇರುವುದು ಕಂಡುಬಂದಿಲ್ಲ" ಎನ್ನುವಲ್ಲಿ ನಿಂತಳು. ಮತ್ತೆ ಮುಂದೆ ಓದಿ "ಶಾಲೆಯನ್ನು ವಿಲೀನಗೊಳಿಸಲು" ಎನ್ನುವಲ್ಲಿ ಅವಳ ದನಿ ಇಳಿಯಿತು.

"ಅವ್ವಾ, ಸಾಲಿ ನನ್ನಿಂದ ಮುಚ್ಚಾಕತ್ತದೇನು?"

ಮಾನ್ಯರೇ, ನಾನು ಮಷಿನ್ ನಿಲ್ಲಿಸಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ನಿನ್ನಿಂದಲ್ಲ ಮಗಳ, ನನ್ನಿಂದ ಎಂದೆ. ಅವಳು ನಂಬಲಿಲ್ಲ. ಮರುದಿನ ಶಾಲೆಗೆ ಜಡೆಗೆ ರಿಬ್ಬನ್ ಕಟ್ಟಿಕೊಳ್ಳದೆ ಹೋದಳು, ಇವತ್ತಿಗೂ ಕಟ್ಟಿಕೊಂಡಿಲ್ಲ.

ಐದು ಕಿಲೋಮೀಟರ್ ನಿಮಗೆ ಗಾಡಿಯಲ್ಲಿ ಹತ್ತು ನಿಮಿಷ. ನಮಗೆ ಅದು ಕಬ್ಬಿನ ಟ್ರ್ಯಾಕ್ಟರುಗಳ ದಾರಿ, ಎರಡೂ ಕಡೆ ಆಳೆತ್ತರದ ಬೆಳೆ, ಬಸ್ಸಿಲ್ಲ. ನಮ್ಮ ಶಾಲೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳಿದ್ದಾರೆ. ನಾನು ಮನೆ ಮನೆಗೆ ಹೋಗಿ ಕೇಳಿದೆ. ಅಷ್ಟು ದೂರ ಕಳಿಸುತ್ತೇವೆ ಎಂದವರು ನಾಲ್ಕು ಮನೆಯವರು. "ಗಂಡುಹುಡುಗ್ರಾದ್ರ ಹೆಂಗರ ಹೋಗ್ತಾವ. ಖಮರನ್ನ ನಾ ಕಳಸಂಗಿಲ್ಲ ಸುವರ್ಣಾ, ಬೈದ್ರೂ ಬೈಯಿ" ಎಂದಳು ವಜೀರುನ್ನಿಸಾ. ಇಷ್ಟು ವರ್ಷ ಊರ ಮಕ್ಕಳಿಗೆ ಅನ್ನ ಬೇಯಿಸಿ ಹಾಕಿದವಳ ಮಾತಿದು. ಅವಳನ್ನು ನಾನು ಯಾವ ಬಾಯಿಂದ ಬೈಯಲಿ?

ಆದಕಾರಣ ನನ್ನ ಬೇಡಿಕೆ. ಇನ್ನೊಮ್ಮೆ ಬನ್ನಿ. ಟೋಪಿ, ಕ್ಯಾಮೆರಾ, ಚಾಕಲೇಟು ಗಾಡಿಯಲ್ಲೇ ಬಿಟ್ಟು ಬನ್ನಿ. ಕಾರ್ಡು ಬೇಡ, ಓದಿಸಲು ನಿಮ್ಮದೇ ಆದೇಶವನ್ನು ತನ್ನಿ, ಅದಕ್ಕಿಂತ ಕಷ್ಟದ ಪಾಠ ನಮ್ಮ ಪುಸ್ತಕದಲ್ಲಿಲ್ಲ. ಸಿದ್ದರಾಮೇಶ ಗುರುಗಳನ್ನು ಅವತ್ತೊಂದು ದಿನ ತರಬೇತಿಗೆ ಕರೆಯಬೇಡಿ. ಮಕ್ಕಳಿಗೆ ಮೊದಲೇ, ನಾನು ಅತಿಥಿಯಲ್ಲ, ನಿಮ್ಮ ಶಾಲೆಯವನೇ ಎಂದು ಹೇಳಿ. ಇನ್ನು ಮುಂದೆ ಯಾವ ದೇಶದ ಸೇವೆಯವರಿಗೆ ಅನುಮತಿ ಕೊಡುವುದಿದ್ದರೂ, ಗುರುಗಳ ಪಾಠದ ಹೊತ್ತನ್ನು ಅವರಿಗೆ ಬರೆದುಕೊಡಬೇಡಿ, ಮತ್ತು ಏನು ಕೆಟ್ಟಿದೆ ಎಂದು ನಮ್ಮನ್ನು ಕೇಳಿದ ಮೇಲೆಯೇ ಕಳಿಸಿ. ಕಲಿಯಲು ಬರುತ್ತೇವೆ ಎನ್ನುವವರು ಎಷ್ಟು ಜನ ಬಂದರೂ ಬರಲಿ, ರೊಟ್ಟಿಗೆ ನಮ್ಮಲ್ಲಿ ಬರವಿಲ್ಲ.

ನಮ್ಮ ಕಡೆಯಿಂದಲೂ ತಯಾರಿ ನಡೆದಿದೆ. ಮಕ್ಕಳನ್ನು ಮತ್ತೆ ಕೂಡಿಸಿ, ಇನ್ನು ಮುಂದೆ ಬರುವುದನ್ನು ಬರುತ್ತದೆ ಎಂದೇ ಹೇಳಬೇಕು, ಯಾರೇ ಬರಲಿ, ಎಂದು ಹೇಳಿದೆ. ಎಲ್ಲರೂ ಹೂಂ ಅಂದರು. ರಾಧಿಕಾ ಮಾತ್ರ ಕೈ ಎತ್ತಿದಳು.

"ಅವ್ವಾ, ನಾವು ಎಲ್ಲಾ ಓದಿಬಿಟ್ರ ಆ ಸರ್ ಬರದದ್ದು ಸುಳ್ಳಾಗ್ತದಲ್ಲ. ಅವ್ರು ಬೇವಿನ ಗಿಡದ ಬುಡಕ ಕುಂತು ಅತ್ರ?"

"ಅವ್ರು ದೊಡ್ಡವ್ರು, ಅಳಂಗಿಲ್ಲ, ನೀ ಓದು" ಎಂದು ನಿಮ್ಮ ಪರವಾಗಿ ಮಾತು ಕೊಟ್ಟಿದ್ದೇನೆ. ದಯವಿಟ್ಟು ನನ್ನ ಮಾತು ಉಳಿಸಿ. ಬರುವಾಗ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ.

ಇಂತಿ,
ಇಪ್ಪತ್ಮೂರು ಜಾಣ ಮಕ್ಕಳಿಗೆ ದಡ್ಡರಾಗುವುದನ್ನು ಕಲಿಸಿ ಈಗ ಕೈಕೈ ಹಿಸುಕಿಕೊಳ್ಳುತ್ತಿರುವ
ಸುವರ್ಣಾ
ಎಸ್‌ಡಿಎಂಸಿ ಅಧ್ಯಕ್ಷೆ (ಜೂನ್ ತನಕವಾದರೂ)

ಇದನ್ನು ನಾನು ಹೇಳುತ್ತ ಹೋದೆ, ಬಾಯಿಯ ಜೋರು ನನ್ನದು. ಮೊದಲಿನಿಂದ ಕೊನೆಯ ತನಕ ಕೂತು ಬರೆದವಳು ಅಕ್ಷರಜ್ಞಾನ ಕಂಡುಬರದ ರಾಧಿಕಾ, ನಾಲ್ಕನೆಯ ತರಗತಿ.